ಒಗೆ ಕಂಡ್ರೆ ಬರ್ಬೇಕು

ಹೋದ ತಿಂಗಳು ಮಂಡ್ಯದಲ್ಲಿರುವ ಮಗಳ ಮನೆಯಿಂದ ವಾಪಸ್ಸು ಬರುತ್ತಿದ್ದೆ. ಬಸ್ಸು ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗಿದ ಮೇಲೆ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಒಣಗಿದ ಕಬ್ಬಿನ ತರಗಿನ ಮೇಲೆ ಹಸಿ ಬೇವಿನ ಸೊಪ್ಪು ಹಾಕಿ ಸುಟ್ಟರೆ ಬರುವ ವಾಸನೆ. ಕಣ್ಣಿಗೆ ಉರಿ, ಮೂಗಿಗೆ ಒಂದಿಷ್ಟು ಸಿಹಿ, ಗಂಟಲಿಗೆ ಕಹಿ. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಮಡಿಲಲ್ಲಿದ್ದ ಹಪ್ಪಳದ ಗಂಟನ್ನು ಕೆಳಗಿಟ್ಟು ಎದ್ದು ನಿಂತುಬಿಟ್ಟೆ.

"ನಿಮ್ ಸ್ಟಾಪು ಇನ್ನೂ ದೂರ ಐತೆ, ಕೂತ್ಕಳಮ್ಮ" ಎಂದ ಕಂಡಕ್ಟರು.

ಕೂತೆ. ಇಪ್ಪತ್ತೈದು ವರ್ಷದ ಮೇಲಾಯಿತು, ಆದರೂ ಆ ಹೊಗೆ ಕಂಡರೆ ಎದ್ದು ಓಡಬೇಕು ಅನ್ನಿಸುತ್ತದೆ. ಹಾಗೆ ಓಡಲೇಬೇಕು ಎಂದು ಒಂದು ಕಾಲದಲ್ಲಿ ನಾಲ್ಕು ಊರಿಗೆ ಸೇರಿ ಒಂದು ಕಾಗದವಾಗಿತ್ತು. ಆ ಕಾಗದ ಬರೆದವಳು ನಾನೇ.

ಅದು ಯುದ್ಧದ ಕಾಲ. ಯುದ್ಧ ನಡೆಯುತ್ತಿದ್ದುದು ಎಲ್ಲೋ ಸಮುದ್ರದಾಚೆ. ನಮ್ಮ ಕಡೆಗೆ ಅದು ಗೊತ್ತಾಗುತ್ತಿದ್ದುದು ಸೀಮೆಎಣ್ಣೆ ಸಿಗದಿದ್ದಾಗ, ಮತ್ತೆ ಬಸ್ಸು ಇದ್ದಲಿನಲ್ಲಿ ಓಡತೊಡಗಿದಾಗ. ಪೆಟ್ರೋಲು ಇಲ್ಲವೆಂದು ಬಸ್ಸಿನ ಬೆನ್ನಿಗೆ ನೀರೊಲೆಯ ಹಂಡೆಯಂಥದೊಂದನ್ನು ಕಟ್ಟಿದ್ದರು. ಅದಕ್ಕೆ ಇದ್ದಲು ತುಂಬಿ, ಕೈಯಲ್ಲಿ ಚಕ್ರ ತಿರುಗಿಸಿ ಗಾಳಿ ಊದಿ, ಅರ್ಧ ಗಂಟೆ ಕಾಯಿಸಿದರೆ ಬಸ್ಸು ಕೆಮ್ಮಿಕೊಂಡು ಹೊರಡುತ್ತಿತ್ತು. ಮಳವಳ್ಳಿಯಿಂದ ನಮ್ಮ ಕಡೆಗೆ ಬರುತ್ತಿದ್ದ ಆ ಬಸ್ಸಿಗೆ ಗಫಾರ್ ಸಾಬರು ಡ್ರೈವರು. ಮೆಕ್ಯಾನಿಕ್ಕೂ ಅವರೇ. ಮೂರು ದಿನ ಹಳೆಯ ಪತ್ರಿಕೆಯನ್ನು ತಂದು, ಬಸ್ಸು ಕಾಯುವಷ್ಟು ಹೊತ್ತು ಊರವರಿಗೆ ಓದಿ ಹೇಳುತ್ತಿದ್ದವರೂ ಅವರೇ.

ಅವರ ದಾರಿಯಲ್ಲಿ ನಾಲ್ಕು ಊರು. ನಾನು ಸೊಸೆಯಾಗಿ ಬಂದ ಕೊಪ್ಪಲು, ನಾಲೆಯಾಚೆ ನನ್ನ ತವರು ಅರಳಿಪುರ, ಅದರಾಚೆ ಕಲ್ಕಟ್ಟೆ ಮತ್ತು ಹೊಸಹಳ್ಳಿ. ನಾಲೆಯ ನೀರು ಬಂದ ಮೇಲೆ ನಾಲ್ಕೂ ಊರಿನ ನಡುವೆ ಬರೀ ಕಬ್ಬು. ಆಳುದ್ದ ಕಬ್ಬಿನಲ್ಲಿ ಒಳಗೆ ಹೋದವರು ಹೊರಗಿನವರಿಗೆ ಕಾಣರು. ಇದು ನಮಗೆ ಗೊತ್ತಾಗುವುದಕ್ಕೆ ಮೊದಲೇ ಒಂದು ಚಿರತೆಗೆ ಗೊತ್ತಾಗಿತ್ತು.

ಚಿರತೆಯ ಮಾತಿಗೆ ಮೊದಲು ಟಗರಿನ ಮಾತು ಹೇಳಬೇಕು. ನನ್ನ ಮದುವೆಯಲ್ಲಿ ಅಪ್ಪ ಬಳುವಳಿಯಾಗಿ ಹತ್ತು ಬಂಡೂರು ಕುರಿ ಕೊಟ್ಟಿದ್ದ. ಜೊತೆಗೆ ಒಂದು ಟಗರು. ಕುಳ್ಳಗೆ, ದುಂಡಗೆ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಕುಕ್ಕೆಯ ಹಾಗೆ ಇತ್ತು. ಕುರಿಗಳು ಕೊಪ್ಪಲಿಗೆ ಹೊಂದಿಕೊಂಡವು. ಟಗರು ಮಾತ್ರ ಮೂರನೇ ದಿನ ನಾಲೆಯ ಸೇತುವೆ ದಾಟಿ ನಡೆದುಕೊಂಡೇ ಅರಳಿಪುರಕ್ಕೆ ಹೋಯಿತು. ನನ್ನ ಗಂಡ ಹೋಗಿ ಹಿಡಿದು ತಂದರು. ಮತ್ತೆ ಹೋಯಿತು. ಮತ್ತೆ ತಂದರು. ಮೂರನೆಯ ಸಲ ಹೋದಾಗ ನಮ್ಮ ಮಾವ, ಪಟೇಲ ಸಿದ್ದೇಗೌಡರು, ತಾವೇ ಹೋಗಿ ಅಪ್ಪನ ಜಗಲಿಯ ಮುಂದೆ ನಿಂತರು.

"ಏನ್ ಬೀಗ್ರೆ, ಕೊಟ್ಟಂಗೆ ಕೊಟ್ಟು ಸಿಳ್ಳೆ ಆಕಿ ಕರುಸ್ಕತೀರಾ?"

ನಮ್ಮಪ್ಪ ಕಾಳೇಗೌಡನಿಗೆ ಮೂಗಿನ ತುದಿಯಲ್ಲೇ ಕೋಪ. "ನಿಮ್ಮನೇಲಿ ಒಟ್ಟೆಗೆ ಆಕಿದ್ರೆ ಅದ್ಯಾಕೆ ಬತ್ತಿತ್ತು? ಮೂಕ್ ಜೀವ, ಇರೋಕ್ ಮನ್ಸಿಲ್ಲ ಅಂತ ಕಾಲ್ನಾಗೆ ಯೋಳ್ತಾ ಐತೆ" ಎಂದ.

ಮಾವ ಅಲ್ಲೇ ಆಣೆ ಮಾಡಿದರು. "ಟಗ್ರು ತಾನಾಗಿ ನಮ್ಮನೆ ಬಾಗ್ಲಿಗೆ ಬರೋಗಂಟ ನಿಮ್ ಮಗಳು ಈ ವೊಸ್ಲು ತುಳಿಯಂಗಿಲ್ಲ."

ಅಪ್ಪನೂ ಮಾಡಿದ. "ಅದು ತಾನಾಗಿ ಬಂದ್ರೆ ಬರ್ಲಿ. ಅಗ್ಗ ಕಟ್ಟಿ ಕಳ್ಸಾಕಿಲ್ಲ."

ಹೀಗೆ ಟಗರು ಅಲ್ಲಿ ಉಳಿಯಿತು, ನಾನು ಇಲ್ಲಿ ಉಳಿದೆ. ಎರಡು ಗೌರಿ ಹಬ್ಬ ಹೋದವು. ತವರು ಮನೆಯ ಹಿತ್ತಿಲ ನುಗ್ಗೆಮರ ನಮ್ಮ ನಾಲೆಯ ಮೆಟ್ಟಿಲಿನಿಂದ ಕಾಣುತ್ತಿತ್ತು. ಅಮ್ಮ ಹಪ್ಪಳ ಒಣಗಿಸಿದರೆ ಎಷ್ಟು ಸಾಲು ಎಂದು ನಾನು ಬಟ್ಟೆ ಒಗೆಯುತ್ತ ಎಣಿಸಬಹುದಿತ್ತು. ಹೋಗುವ ಹಾಗಿರಲಿಲ್ಲ, ಅಷ್ಟೆ.

ಮೂರನೆಯ ವರ್ಷ ಮುಂಗಾರಿನ ಹೊತ್ತಿಗೆ ಚಿರತೆ ಬಂತು. ಮೊದಲು ನಮ್ಮ ಊರಿನ ಒಂದು ನಾಯಿ ಹೋಯಿತು. ಕೊಪ್ಪಲಿನವರು ತಮಟೆ ಬಡಿದು, ಬೈದು, ಕಲ್ಲು ಬೀರಿ, ಅದನ್ನು ಎಲ್ಲೆ ಕಲ್ಲಿನವರೆಗೆ ಅಟ್ಟಿದರು. ಮಾವ ಮನೆಗೆ ಬಂದು ಕಾಲು ತೊಳೆದುಕೊಂಡು, "ನಮ್ಮೆಲ್ಲೆ ದಾಟುಸ್ಬುಟ್ಟೊ. ಇನ್ ಅರಳಿಪುರದೋರ ಅಣೇಬರ" ಎಂದು ಮುದ್ದೆಗೆ ಕೂತರು. ಅರಳಿಪುರದವರು ಅದನ್ನು ಕಲ್ಕಟ್ಟೆಗೆ ಅಟ್ಟಿದರು. ಕಲ್ಕಟ್ಟೆಯವರು ಹೊಸಹಳ್ಳಿಗೆ. ಹೊಸಹಳ್ಳಿಯವರು ಪಾಪ, ಆಚೆ ಹೊಳೆ ಇದ್ದದ್ದರಿಂದ, ತಿರುಗಿಸಿ ನಮಗೇ ಕಳಿಸಿದರು. ಚಿರತೆ ಸರದಿಯ ಪ್ರಕಾರ ನಾಲ್ಕೂ ಊರಲ್ಲಿ ನೆಂಟರ ಮನೆಯ ಊಟ ಮಾಡಿಕೊಂಡು ಮೈ ತುಂಬಿಕೊಂಡಿತು.

ಇದು ಸರಿಯಲ್ಲ ಎಂದು ಮೊದಲು ಹೇಳಿದವರು ಗಫಾರ್ ಸಾಬರು. ಅವರು ನಾಲ್ಕೂ ಊರಿಗೆ ಹೋಗುವವರು, ನಾಲ್ಕೂ ಊರಿನ ಜಂಬ ಕೇಳುವವರು.

"ಗೌಡ್ರೆ, ಪೇಪರಿನಲ್ಲಿ ಏನು ಬರೆದಿದ್ದಾರೆ ನೋಡಿ" ಎಂದರು ಒಂದು ದಿನ, ಬಸ್ಸಿನ ಚಕ್ರ ತಿರುಗಿಸುತ್ತಲೇ. "ಒಬ್ಬರ ಮುಖ ಒಬ್ಬರಿಗೆ ಆಗದ ದೇಶಗಳು ಕೂಡ ಈಗ ಮಿತ್ರರಾಷ್ಟ್ರ ಅಂತ ಸೇರಿಕೊಂಡಿವೆ. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದ ಹಾಗೆ ಅಂತ. ನೀವು ನಾಲ್ಕೂರು ಒಂದು ಚಿರತೆಗೆ ಸೇರಲಾರಿರಾ?"

"ಅವ್ರಿಗೆಲ್ಲ ಬೀಗ್ತನ ಇಲ್ವಲ್ಲ ಸಾಬ್ರೆ, ಸೇರ್ತಾರೆ" ಎಂದರು ಮಾವ.

ಆದರೂ ಸೇರಿದರು. ಯಾವ ಊರಿನ ಚಾವಡಿಯಲ್ಲಿ ಸೇರುವುದು ಎಂಬ ಜಗಳವೇ ಒಂದು ವಾರ ನಡೆದು, ಕೊನೆಗೆ ಯಾರ ಊರೂ ಅಲ್ಲದ ಜಾಗವೆಂದು ನಾಲೆಯ ಸೇತುವೆಯ ಮೇಲೆ ಸೇರಿದರು. ಬಿಸಿಲಿನ ಹೊತ್ತು. ನಾಲ್ಕೂರಿನ ಯಜಮಾನರು ಚಾಪೆ ಹಾಸಿ ಕೂತರೆ ಸೇತುವೆಯೇ ತುಂಬಿಹೋಯಿತು. ಕಾಗದ ಬರೆಯುವುದಕ್ಕೆ ನನ್ನನ್ನು ಕರೆದರು. ನಾನು ಮಂಡ್ಯದಲ್ಲಿ ಸೋದರಮಾವನ ಮನೆಯಲ್ಲಿದ್ದು ಮಿಡ್ಲ್ ಸ್ಕೂಲಿನವರೆಗೆ ಓದಿದ್ದೆ. ಶ್ಯಾನುಭೋಗರನ್ನು ಕರೆದರೆ ಅವರು ಯಾವ ಊರಿನ ಹೆಸರು ಮೊದಲು ಬರೆಯುತ್ತಾರೋ ಎಂದು ಯಾರಿಗೂ ನಂಬಿಕೆ ಇರಲಿಲ್ಲ. ನಾನಾದರೆ ಒಂದೂರಿನ ಮಗಳು, ಒಂದೂರಿನ ಸೊಸೆ. ಇಬ್ಬರಿಗೂ ಹೆದರುತ್ತೇನೆ ಎಂದು ಎಲ್ಲರೂ ಒಪ್ಪಿದರು. ಸಾಬರ ಹಿಂದೆ, ತಲೆಯ ಮೇಲೆ ಸೆರಗು ಎಳೆದುಕೊಂಡು, ಮಣೆಯ ಮೇಲೆ ಕಾಗದ ಇಟ್ಟುಕೊಂಡು ಕೂತೆ.

ಅಪ್ಪ ಮತ್ತು ಮಾವನ ನಡುವೆ ಒಂದು ಮಾರು ದೂರವಿದ್ದಿರಬೇಕು. ಮಾತು ಮಾತ್ರ ಸಾಬರ ಮೂಲಕವೇ.

"ಸಾಬ್ರೆ, ಸಿರತೆ ಬಂದಾಗ ತಮಟೆ ಬಡೀಬೇಕು ಅಂತ ಅವ್ರಿಗ್ ಯೋಳಿ" ಎಂದರು ಮಾವ.

"ಗೌಡ್ರು ತಮಟೆ ಅಂತಾರೆ."

"ಕೇಳುಸ್ತು. ಗಾಳಿ ಆಕಡೆ ಬೀಸಿದ್ರೆ ತಮಟೆ ಯಾರ್ ಕಿವೀಗ್ ಬಿದ್ದಾತು ಅಂತ ಅವ್ರನ್ನೇ ಕೇಳಿ. ಒಗೆ ಆಕ್ಬೇಕು, ಒಗೆ. ಕಣ್ಣಿದ್ದೋರ್ಗೆ ಕಾಣ್ತದೆ."

"ಹೊಗೆ ಅಂತಾರೆ ಗೌಡ್ರೆ."

"ಆಗ್ಲಿ. ಬುದ್ವಂತಿಕೆ ಮಾತು ಅವ್ರ ಬಾಯಾಗೂ ಒಂದೊಂದ್ ದಿನ ಬತ್ತದೆ ಅಂತ ಯೋಳಿ."

ಹೀಗೆ ಸಂಜೆಯವರೆಗೆ ಐದು ಕಲಮು ಆದವು. ಯಾವ ಊರಿಗೆ ಚಿರತೆ ಬಂದರೂ ಆ ಊರವರು ಎತ್ತರದಲ್ಲಿ ಹೊಗೆ ಹಾಕಬೇಕು, ಹೊಗೆ ಕಂಡರೆ ಉಳಿದ ಮೂರೂರಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತತ್ತು ಆಳು ಬರಬೇಕು. ದೊಣ್ಣೆ, ಬಲೆ, ತಮಟೆ ತರಬೇಕು. ನಮ್ಮ ಎಲ್ಲೆ ದಾಟಿತು ಎಂದು ಯಾರೂ ಹಿಂದಿರುಗಬಾರದು. ತಪ್ಪಿದ ಊರು ಉಳಿದ ಮೂರೂರಿಗೆ ಬಾಡೂಟ ಹಾಕಿಸಬೇಕು. ಕೂಟದ ಕೆಲಸದಲ್ಲಿ ಹಳೆಯ ಜಗಳ ಎತ್ತಬಾರದು. ಈ ಐದನೆಯದನ್ನು ಹೇಳುವಾಗ ಎಲ್ಲರೂ ಅಪ್ಪನನ್ನೂ ಮಾವನನ್ನೂ ನೋಡಿದರು. ಅವರಿಬ್ಬರೂ ನೀರು ನೋಡಿದರು.

ಕೂಟಕ್ಕೆ 'ನಾಕೂರು ಕೂಟ' ಎಂದು ಹೆಸರಾಯಿತು. ಯಾರ ರುಜು ಮೇಲೆ ಎಂಬ ಜಗಳ ಎದ್ದಾಗ ಸಾಬರು ಕಾಗದದ ಮೇಲೆ ಒಂದು ಚೊಂಬನ್ನು ಬೋರಲು ಹಾಕಿಸಿ, ಅದರ ಸುತ್ತ ಗೆರೆ ಎಳೆಸಿ, "ಗುಂಡಗೆ ಹಾಕಿ, ಮೇಲೆ ಕೆಳಗೆ ಇಲ್ಲ" ಎಂದರು.

ಆದರೆ ಚೊಂಬು ಬರುವ ಮೊದಲೇ, ಎಲ್ಲರೂ ಆ ಜಗಳದಲ್ಲಿದ್ದಾಗ, ನನ್ನ ಕೈ ಆರನೆಯ ಕಲಮು ಬರೆದುಬಿಟ್ಟಿತ್ತು. ಕೈ ಎಂದು ಸುಮ್ಮನೆ ಹೇಳುತ್ತಿದ್ದೇನೆ. ನಾನೇ ಬರೆದೆ. "ಕೂಟವು ಇರುವವರೆಗೆ, ಈ ನಾಲ್ಕು ಊರಿನ ಹೆಣ್ಣುಮಕ್ಕಳು ಹಬ್ಬಕ್ಕೆ ತಮ್ಮ ತವರಿಗೆ ಹೋಗಿ ಬರುವುದಕ್ಕೆ ಯಾವ ಊರೂ, ಯಾವ ಮನೆಯೂ ತಡೆ ಮಾಡಕೂಡದು."

ಆ ಯಜಮಾನರಿಗೆಲ್ಲ ರುಜು ಹಾಕುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ಸಾಬರು ಕಾಗದ ಎತ್ತಿ ಗಟ್ಟಿಯಾಗಿ ಓದಿದರು. ಐದು ಮುಗಿಯಿತು. ಆರಕ್ಕೆ ಬಂದಾಗ ಅವರ ಕಣ್ಣು ಕನ್ನಡಕದ ಮೇಲಿನಿಂದ ನನ್ನ ಕಡೆ ತಿರುಗಿತು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

"ಆರನೆಯದಾಗಿ..." ಎಂದು ಕೆಮ್ಮಿ, "ಇತ್ಯಾದಿ" ಎಂದರು.

"ಇತ್ಯಾದಿ ಅಂದ್ರೇನ್ ಸಾಬ್ರೆ?" ಎಂದರು ಮಾವ.

"ಎಲ್ಲ ದೊಡ್ಡ ಕಾಗದದಲ್ಲೂ ಕೊನೆಗೆ ಇರುತ್ತೆ ಗೌಡ್ರೆ. ಅದಿಲ್ಲದಿದ್ದರೆ ಕಾಗದ ನಿಲ್ಲೋಲ್ಲ."

"ಅಂಗಾರೆ ಇರ್ಲಿ" ಎಂದು ನಾಲ್ವರೂ ಗುಂಡಗೆ ರುಜು ಹಾಕಿದರು.

ಕೂಟದ ಮೊದಲ ಹೊಗೆ ಹೊಸಹಳ್ಳಿಯಿಂದ ಎದ್ದಿತು. ಮೂರೂರಿನಿಂದ ಮೂವತ್ತು ಜನ ದೊಣ್ಣೆ ಹಿಡಿದು ಓಡಿದರು. ಹೋಗಿ ನೋಡಿದರೆ ಆಲೆಮನೆ. ಬೆಲ್ಲ ಕಾಯಿಸುತ್ತಿದ್ದಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸಲಾಗದೆ ಕಬ್ಬಿನ ಹಾಲು, ಬಿಸಿ ಬೆಲ್ಲ ಕೊಟ್ಟರು. ಮಾರನೆಯ ದಿನ ಅದೇ ಹೊಗೆ ಎದ್ದಾಗ ಕೂಟದ ಮೇಲಿನ ನಿಷ್ಠೆ ಎಷ್ಟು ಹೆಚ್ಚಿತೆಂದರೆ ಎಪ್ಪತ್ತು ಜನ ಓಡಿದರು. ಕೆಲವರು ಚೊಂಬು ಹಿಡಿದೇ ಓಡಿದರು.

ಅದಾದ ವಾರಕ್ಕೆ ನಾಲೆಯ ಏರಿಯ ಕೆಳಗೆ ದಟ್ಟ ಹೊಗೆ. ಈ ಸಲ ನಿಜವೇ ಇರಬೇಕು ಎಂದು ನಾಲ್ಕು ದಿಕ್ಕಿನಿಂದ ಬಂದು ಸುತ್ತುಗಟ್ಟಿದರು. ನಡುವೆ ಬಸ್ಸು. ಚಕ್ರ ತಿರುಗಿಸುತ್ತಿದ್ದ ಗಫಾರ್ ಸಾಬರು ದೊಣ್ಣೆಗಳನ್ನು ನೋಡಿ ಎರಡೂ ಕೈ ಮೇಲೆತ್ತಿ, "ನಾನೇ ಕಣ್ರಪ್ಪಾ, ನಿಮ್ಮ ಕಾಗದ ಓದಿದವನು!" ಎಂದು ಕೂಗಿದರಂತೆ.

ಆಮೇಲೆ ಇನ್ನೊಮ್ಮೆ ಸೇತುವೆಯ ಮೇಲೆ ಕೂತು, ಸುಮ್ಮನೆ ಹೊಗೆ ಆಗದು, ತರಗಿನ ಮೇಲೆ ಹಸಿ ಬೇವಿನ ಸೊಪ್ಪು ಹಾಕಿದ ಬೆಳ್ಳನೆಯ ಹೊಗೆಯೇ ಆಗಬೇಕು ಎಂದು ತಿದ್ದಿದರು. ಪ್ರತಿ ಊರಿನಲ್ಲೂ ತರಗಿನ ಒಂದು ಗುಡ್ಡೆ, ಪಕ್ಕದಲ್ಲಿ ಮಡಕೆಯಲ್ಲಿ ಕೆಂಡ. ನಮ್ಮ ಊರಿನ ಗುಡ್ಡೆ ನಾಲೆಯ ಮೆಟ್ಟಿಲಿನ ಹತ್ತಿರವಿತ್ತು. ಬೆಳಿಗ್ಗೆ ಹೊತ್ತು ನಾವು ಹೆಂಗಸರು ಅಲ್ಲೇ ಬಟ್ಟೆ ಒಗೆಯುವುದರಿಂದ, ಆ ಹೊತ್ತಿನ ಹೊಗೆಯ ಜವಾಬ್ದಾರಿ ನನ್ನದು.

ಈಗ ನಮ್ಮ ಕಡೆಯ ಮಾತಿನ ಬಗ್ಗೆ ಒಂದು ಮಾತು. ನಮ್ಮವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹೊಗೆಯೂ ಒಗೆ, ಬಟ್ಟೆ ಒಗೆ ಎಂದರೂ ಒಗೆ. ಎದುರಿಗೆ ನಿಂತು ಹೇಳಿದರೆ ಗೊತ್ತಾಗುತ್ತದೆ. ಗಾಳಿಯಲ್ಲಿ ಗೊತ್ತಾಗುವುದಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ. ಮಾವನ ಕಂಬಳಿಯನ್ನು ಹಿಂದಿನ ದಿನ ಸರಿಯಾಗಿ ಒಗೆದಿಲ್ಲವೆಂದು ಅತ್ತೆಯಿಂದ ಬೈಸಿಕೊಂಡು, ಅದನ್ನೇ ಮತ್ತೆ ನೆನೆಸಿಕೊಂಡು ಕೂತಿದ್ದೆ. ಅತ್ತೆ ಏರಿಯ ಮೇಲೆ ಕುರಿ ಬಿಟ್ಟುಕೊಂಡಿದ್ದರು. ಇದ್ದಕ್ಕಿದ್ದ ಹಾಗೆ ಅವರ ಕೂಗು.

"ಒಗೆ! ಒಗೆ ಆಕೇ ಲಸ್ಮೀ!"

ನನಗೆ ರೇಗಿತು. ಊರವರೆಲ್ಲ ಕೇಳುವ ಹಾಗೆ ಇದನ್ನು ಕೂಗಬೇಕೆ? "ಒಗೀತಾನೇ ಇವ್ನಿ ಅತ್ಯಮ್ಮಾ!" ಎಂದು ಕೂಗಿ, ಕಂಬಳಿಯನ್ನು ಎತ್ತಿ ಕಲ್ಲಿಗೆ ಬಡಿದೆ.

"ಬೇಗ್ನೆ ಒಗೆ ಆಕೇ, ಮುಂಡೇದೆ! ಕಬ್ಬಿನೊಳ್ಗೇ ಐತೆ!"

ಗಾಳಿಯಲ್ಲಿ ನನಗೆ ಕೇಳಿಸಿದ್ದು ಕಂಬಳಿಯೊಳಗೆ ಎಂದು. ಏನಿದೆ? ಕೊಳೆ ಇರಬೇಕು ಎಂದುಕೊಂಡೆ. ಇನ್ನೂ ಜೋರಾಗಿ ಬಡಿದೆ. ಪಕ್ಕದ ನಾಲ್ವರು ಹೆಂಗಸರು, ಪಟೇಲರ ಹೆಂಡತಿ ತಮಗೂ ಸೇರಿಸಿ ಹೇಳುತ್ತಿದ್ದಾರೆಂದು ತಿಳಿದು, ತಾವೂ ಬಡಿಯತೊಡಗಿದರು. ಐದು ಕಲ್ಲಿನ ಮೇಲೆ ಐದು ಒದ್ದೆ ಬಟ್ಟೆ. ಧಪ್, ಧಪ್, ಧಪ್ ಎಂದು ನಾಲೆಯುದ್ದಕ್ಕೂ ಗುಂಡು ಹೊಡೆದ ಸದ್ದು. ನಮ್ಮ ಹಿಂದಿನ ಕಬ್ಬಿನಿಂದ ಒಂದು ಹಳದಿ ಮೈ ಚಂಗನೆ ಹಾರಿ, ನಮ್ಮಿಂದ ಇಪ್ಪತ್ತು ಹೆಜ್ಜೆ ಆಚೆ ನೀರಿಗೆ ಬಿದ್ದು, ಈಜಿ, ಆ ದಡ ಹತ್ತಿ ಅರಳಿಪುರದ ಕಬ್ಬಿಗೆ ನುಗ್ಗಿತು. ನನ್ನ ಕೈಯಿಂದ ಕಂಬಳಿ ತೇಲಿಹೋಯಿತು.

ನಮ್ಮ ಒಂದು ಕುರಿಯೂ ಹೋಗಲಿಲ್ಲ. ಆದರೆ ಆಚೆ ದಡದಲ್ಲಿ ಅಪ್ಪನ ಮಂದೆಯಿಂದ ಒಂದು ಹೋಯಿತು.

ಸಂಜೆಯೇ ಸೇತುವೆಯ ಮೇಲೆ ಕೂಟ ಸೇರಿತು. ಕೊಪ್ಪಲಿನವರು ಚಿರತೆ ಕಂಡೂ ಹೊಗೆ ಹಾಕಲಿಲ್ಲ, ಹಳೆಯ ಪದ್ಧತಿಯಂತೆ ನಮ್ಮ ಕಡೆಗೆ ಅಟ್ಟಿ ಕೈ ತೊಳೆದುಕೊಂಡರು ಎಂದು ಅರಳಿಪುರದ ದೂರು. ತಪ್ಪು ಸಾಬೀತಾದರೆ ಕೊಪ್ಪಲು ಮೂರೂರಿಗೆ ಬಾಡೂಟ ಹಾಕಬೇಕು. ಅಪರಾಧಿ ನಾನು. ನನ್ನ ಮೇಲೆ ದೂರು ಹೇಳಬೇಕಾದವನು ನನ್ನಪ್ಪ. ನನ್ನನ್ನು ಉಳಿಸಬೇಕಾದವರು ಮಾವ. ಇಬ್ಬರ ಮುಖವೂ ಹರಳೆಣ್ಣೆ ಕುಡಿದ ಹಾಗೆ ಇತ್ತು.

"ಸಾಬ್ರೆ, ಒಗೆ ಯಾಕ್ ಆಕ್ಲಿಲ್ಲ ಅಂತ ಆ ಎಣ್ಮಗಳನ್ನ ಕೇಳಿ" ಎಂದ ಅಪ್ಪ. ಮಗಳೇ ಎನ್ನಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗಂಡಸರ ನಡುವೆ ಬಂದು ನಿಂತರು. "ಅವ್ಳನ್ನೇನ್ ಕೇಳ್ತೀರಿ? ನಾನು ಒಗೆ ಅಂದೆ, ಅವ್ಳು ಒಗ್ದ್ಲು. ಅತ್ತೆ ಮಾತ್ ಕೇಳೋ ಸೊಸೆ ನಿಮ್ಮೂರ್ನಾಗೆ ಎಷ್ಟ್ ಜನ ಅವ್ರೆ, ಯೋಳ್ರಿ ನೋಡಾನ!"

ಸೇತುವೆಯ ಮೇಲೆ ನಗು ಹೊರಟಿತು. ಮಾವನಿಗೆ ಧೈರ್ಯ ಬಂತು. "ಕಾಗ್ದ ತಗೀರಿ! ಅದ್ರಾಗೆ ಒಗೆ ಅಂತ ಐತೋ ಇಲ್ವೋ? ನನ್ ಸೊಸೆ ಒಗ್ದವ್ಳೆ. ಕಾಗ್ದದಂಗೇ ನಡ್ದವ್ಳೆ!"

"ಅದು ಬೇರೆ ಒಗೆ!" ಎಂದ ಅಪ್ಪ. ಎರಡು ವರ್ಷದ ಮೇಲೆ ಸಾಬರನ್ನು ದಾಟಿ ಮಾವನಿಗೇ ಆಡಿದ ಮೊದಲ ಮಾತು ಅದು.

"ಒಗೇಲಿ ಬೇರೆ ಒಗೆ ಅದೆಲ್ಲೈತೋ?" ಎಂದರು ಮಾವ, ಅವರೂ ನೇರವಾಗಿ. "ಓದಿ ಸಾಬ್ರೆ. ಪೂರ್ತಿ ಓದಿ. ಒಂದಕ್ಸರ ಬುಡ್ಬ್ಯಾಡಿ. ಆ ಇತ್ಯಾದೀನೂ ಓದಿ!"

ಗಫಾರ್ ಸಾಬರು ಕನ್ನಡಕ ಒರೆಸಿಕೊಂಡರು. ಅಷ್ಟು ಹೊತ್ತು ಯಾರೂ ಕನ್ನಡಕ ಒರೆಸಿದ್ದನ್ನು ನಾನು ನೋಡಿಲ್ಲ. ಆಮೇಲೆ ಓದಿದರು. ಒಂದು, ಎರಡು, ಮೂರು, ನಾಲ್ಕು, ಐದು. ಹೊಗೆ ಎಂದೇ ಇತ್ತು, ನಾನು 'ಹ' ಹಾಕಿಯೇ ಬರೆದಿದ್ದೆ. ಅದು ಯಾರ ಕಿವಿಗೂ ಬೀಳಲಿಲ್ಲ. ಯಾಕೆಂದರೆ ಸಾಬರು ನಿಲ್ಲಿಸದೆ ಆರನೆಯದನ್ನೂ ಓದಿದರು.



ಅಪ್ಪ ನಿಧಾನವಾಗಿ ಮಾವನ ಕಡೆ ತಿರುಗಿದ. ಅವನ ಕಣ್ಣು ನೋಡಿದಾಗ ನನಗೆ ತಿಳಿಯಿತು. ಇದನ್ನು ಬರೆಸಿದವರು ಮಾವನೇ ಎಂದು ಅವನು ತಿಳಿದಿದ್ದಾನೆ. ಆಣೆ ಹಾಕಿದ ಬೀಗರು ಬಾಯಲ್ಲಿ ಹೇಳಲಾರದೆ ಕಾಗದದಲ್ಲಿ ಸೋತಿದ್ದಾರೆ! ಇತ್ತ ಮಾವ ಅಪ್ಪನ ಕಡೆ ನೋಡುತ್ತಿದ್ದರು. ಮೀಸೆಯ ಕೆಳಗೆ ಗೆದ್ದವರ ನಗು. ಮಗಳನ್ನು ಕಾಣದೆ ಇರಲಾರದೆ ಕಾಳೇಗೌಡ ಸಾಬರ ಕೈಕಾಲು ಹಿಡಿದು ಬರೆಸಿದ್ದಾನೆ!

"ಬೀಗ್ರೆ" ಎಂದ ಅಪ್ಪ, "ಇದೊಂದ್ ಮಾತ್ ಮೊದ್ಲೇ ಬಾಯ್ಬುಟ್ ಯೋಳಿದ್ರೆ ಆಗ್ತಿರ್ಲಿಲ್ವಾ?"

"ನಾನೂ ಅದ್ನೇ ಅಂತೀನಿ ಬೀಗ್ರೆ" ಎಂದರು ಮಾವ ದೊಡ್ಡ ಮನಸ್ಸಿನಿಂದ. "ಬುಡಿ, ಆದದ್ದಾಯ್ತು."

"ನಮ್ ಕುರಿ ಲೆಕ್ಕಕ್ಕಿಲ್ಲ. ಬಾಡೂಟ ಬ್ಯಾಡ."

"ಟಗ್ರು ಅಲ್ಲೇ ಇರ್ಲಿ, ಅವಸ್ರ ಇಲ್ಲ."

ಸಾಬರು ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ಮುಖದಲ್ಲಿ ನಗುವೇ ಇಲ್ಲ. ಬಸ್ಸಿನ ಹತ್ತಿರ ಹೋಗಿ, ಹಂಡೆಯ ಹಿಂದೆ ನಿಂತು ಬಹಳ ಹೊತ್ತು ಕೆಮ್ಮಿದರು.

ಟಗರಿನ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಮುಂದೆ ಅಪ್ಪ ಅದನ್ನು ತಾನೇ ಕರೆತಂದು ಬಿಟ್ಟ. ಮೂರನೇ ದಿನ ಅದು ಮಾಮೂಲಿನಂತೆ ಸೇತುವೆ ದಾಟಿ ಹೊರಟುಹೋಯಿತು. ಮಾವ ಜಗಲಿಯಿಂದ ನೋಡಿದರು, ಏಳಲಿಲ್ಲ. "ಓಗ್ಬರ್ಲಿ ಬುಡು. ತವ್ರಿಗೆ ತಾನೆ" ಎಂದರು.

ಶ್ರಾವಣ ಮುಗಿಯುವ ಹೊತ್ತಿಗೆ ಕಲ್ಕಟ್ಟೆಯಿಂದ ಬೆಳ್ಳನೆಯ ಹೊಗೆ ಎದ್ದಿತು. ಈ ಸಲ ಆಲೆಮನೆಯೂ ಅಲ್ಲ, ಬಸ್ಸೂ ಅಲ್ಲ. ನಾಲ್ಕೂರಿನ ಗಂಡಸರು ಒಂದೇ ಸಾಲಿನಲ್ಲಿ ಕಬ್ಬು ಹೊಕ್ಕು, ತಮಟೆ ಬಡಿಯುತ್ತ ಹೋದರು. ಎಲ್ಲೆ ಕಲ್ಲು ಬಂತು, ಯಾರೂ ನಿಲ್ಲಲಿಲ್ಲ. ಇನ್ನೊಂದು ಎಲ್ಲೆ ಕಲ್ಲು ಬಂತು, ಆಗಲೂ ನಿಲ್ಲಲಿಲ್ಲ. ಅಪ್ಪ ಮತ್ತು ಮಾವ ಒಂದೇ ಬಲೆಯ ಎರಡು ತುದಿ ಹಿಡಿದಿದ್ದರಂತೆ. "ನೀವ್ ಮುಂದೆ, ನೀವ್ ಮುಂದೆ" ಎಂದು ಮರ್ಯಾದೆ ಮಾಡಿಕೊಳ್ಳುತ್ತ ನಿಂತು, ಬಲೆಗೆ ಬೀಳಬೇಕಾದ ಚಿರತೆಯನ್ನು ಬಿಟ್ಟರು. ಆದರೂ ಅದು ಹೊಳೆಗೆ ಹಾರಿ ಆಚೆಯ ಕಾಡು ಸೇರಿತು, ಮತ್ತೆ ಬರಲಿಲ್ಲ.

ಆಗ ನನಗೆ ಹೊಸ ಕಷ್ಟ ಬಂತು. ಗೌರಿ ಹಬ್ಬಕ್ಕೆ ನಾಲ್ಕು ದಿನ ಇದೆ ಎನ್ನುವಾಗ ಮಾವ ಊಟಕ್ಕೆ ಕೂತು, "ಸಿರತೆ ಓಯ್ತು. ಇನ್ನೇನ್ ಕೂಟ? ಕೂಟಾನೂ ಮುಗೀತು, ಕಲಮೂ ಮುಗೀತು. ಆಣೆ ಅಂದ್ರೆ ಆಣೆ" ಎಂದರು. ಚಿರತೆ ಓಡಿಸಿದ ಮೇಲೆ ಅವರ ಜಂಬ ತಿರುಗಿ ಬಂದಿತ್ತು. ನನ್ನ ಕೈಯಲ್ಲಿದ್ದ ಉಪ್ಸಾರಿನ ಸೌಟು ಹಾಗೇ ನಿಂತಿತು. 'ಕೂಟವು ಇರುವವರೆಗೆ' ಎಂದು ಬರೆದದ್ದೂ ನಾನೇ. ಪಾಂಡಿತ್ಯ ತೋರಿಸಲು ಹೋಗಿದ್ದೆ. ಆ ಎರಡು ಪದ ಬರೆಯದಿದ್ದರೆ ಏನಾಗುತ್ತಿತ್ತು ಎಂದು ಒಲೆಯ ಮುಂದೆ ಕೂತು ನನ್ನನ್ನೇ ಬೈದುಕೊಂಡೆ.

ನನ್ನನ್ನು ಉಳಿಸಿದ್ದು ಚಿರತೆಯೇ. ಮಾರನೆಯ ದಿನ ಹೊಳೆಯ ಆಚೆಯ ಊರಿನವರು ಎಲೆ ಅಡಿಕೆ, ಬಾಳೆಗೊನೆ ಹಿಡಿದು ನಮ್ಮ ಜಗಲಿಗೆ ಬಂದರು.

"ಪಟೇಲ್ರೆ, ನೀವು ನಾಕೂರೋರು ಸೇರಿ ಸಿರತೇನ ನಮ್ ತಲೆಗ್ ಕಟ್ಬುಟ್ರಿ.‌ ನಮ್ಮುನ್ನೂ ಕೂಟಕ್ಕೆ ಸೇರುಸ್ಕಳಿ. ಇರೀರಾದ ನೀವೇ ದೊಡ್‌ಮನ್ಸ್ ಮಾಡ್ಬೇಕು."

ಹಿರಿಯರು ಎಂದದ್ದೇ ಮಾವನ ಬೆನ್ನು ನೆಟ್ಟಗಾಯಿತು. "ಕೂಟ ಅಂದ್ರೇನ್ ಸುಮ್ಕೆ ಅಂದ್ಕಂಡ್ರಾ? ಕಾಗ್ದ ಐತೆ, ಕಲಮ್ ಐತೆ. ಆರು ಕಲಮು! ಒಂದೂ ತಪ್ಪಂಗಿಲ್ಲ" ಎಂದು ನನ್ನನ್ನು ಕೂಗಿ ಕಾಗದ ತರಿಸಿ, ಅದನ್ನು ತಲೆಕೆಳಗಾಗಿ ಹಿಡಿದು ತೋರಿಸಿದರು. ಅತ್ತೆ ಬಾಗಿಲ ಮರೆಯಿಂದ, "ಆರ್ನೇದೂ ತಪ್ಪಂಗಿಲ್ಲ ಅಲ್ವಾ?" ಎಂದರು. ಬಂದವರ ಎದುರಿಗೆ ಮಾವ ಏನು ಹೇಳಿಯಾರು? "ಆರ್ನೇದೂ ತಪ್ಪಂಗಿಲ್ಲ" ಎಂದರು.

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾನು ಒಗೆದ ಸೀರೆ ಉಟ್ಟು, ಗಂಟು ಹಿಡಿದು ಬಸ್ಸಿಗೆ ಹೋದೆ. ಸೇತುವೆ ದಾಟಿದರೆ ಕಾಲು ಗಂಟೆಯ ದಾರಿ, ನಡೆದೇ ಹೋಗಬಹುದಿತ್ತು. ಎರಡು ವರ್ಷದ ಮೇಲೆ ಹೋಗುತ್ತಿದ್ದೇನೆ, ನಾಲ್ಕು ಜನ ನೋಡಲಿ ಎಂದು ಬಸ್ಸು ಹತ್ತಿದೆ. ಸಾಬರು, "ಬನ್ನಿ ತಾಯಿ, ಇತ್ಯಾದಿ" ಎಂದು ಮುಂದಿನ ಸೀಟು ತೋರಿಸಿದರು.

ಬಸ್ಸು ಹೊರಡುವಷ್ಟರಲ್ಲಿ ಅತ್ತೆ ಬಂದರು. ನನಗೆ ಏನೋ ಕೊಡಲು ಬಂದರೆಂದುಕೊಂಡೆ. ಅವರ ಕಂಕುಳಲ್ಲಿ ಒಂದು ಸಣ್ಣ ಗಂಟು. ಹತ್ತಿ ನನ್ನ ಪಕ್ಕದಲ್ಲಿ ಕೂತರು. ಹಿಂದೆಯೇ ಮಾವ ಓಡಿ ಬಂದರು.

"ಲೇ, ನೀನೆಲ್ಗೇ?"

"ಕಲ್ಕಟ್ಟೆಗೆ."

"ಕಲ್ಕಟ್ಟೇಲೇನೈತೆ?"

"ನನ್ ತವ್ರೈತೆ" ಎಂದರು ಅತ್ತೆ. "ಅನ್ನೆರಡ್ ವರ್ಸಾಯ್ತು. ನಿಮ್ಗೆ ಮರ್ತೋಗಿರ್ಬೇಕು. ಕಲ್ಕಟ್ಟೇನೂ ನಾಕೂರ್ನಾಗೇ ಐತಲ್ಲ?"

ಮಾವ ಬಸ್ಸಿನ ಕಂಬಿ ಹಿಡಿದುಕೊಂಡರು. "ಮತ್ತೆ ಮುದ್ದೆ ಯಾರ್ ಇಕ್ಕಾರು?" ಎಂದರು, ಬಹಳ ಸಣ್ಣ ದನಿಯಲ್ಲಿ.

"ಇಟ್ಟು ಮಡಕೇಲೈತೆ. ಒಲೆ ಒಲೆಯಿದ್ದಲ್ಲೇ ಐತೆ" ಎಂದರು ಅತ್ತೆ. "ಓಡ್ಸಪ್ಪ ಸಾಬ್."

ಬಸ್ಸು ಕೆಮ್ಮಿಕೊಂಡು ಹೊರಟಿತು. ಒಂದಿಷ್ಟು ದೂರ ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗದೆ, ರಸ್ತೆ ನೋಡುತ್ತಲೇ, "ಅಕ್ಸರ ಸಂದಾಕಿ ಬರೀತೀಯ ಕಣವ್ವ" ಎಂದರು. ಅಷ್ಟೇ ಹೇಳಿದ್ದು. ಅವರ ಗಂಟಿನಿಂದ ಹಳೆಯ ಸೀರೆಯ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಯಾವಾಗಿನಿಂದ ಕಟ್ಟಿಟ್ಟ ಗಂಟೋ.

ಏರಿಯ ಕೆಳಗೆ ಕೆಟ್ಟು ನಿಂತು, ಮತ್ತೆ ಅರ್ಧ ಗಂಟೆ ಕಾಯಿಸಿಕೊಂಡು ಸೇತುವೆ ಹತ್ತಿದಾಗ ಸಾಬರು ತಟಕ್ಕನೆ ಬಸ್ಸು ನಿಲ್ಲಿಸಿದರು. "ಅಮ್ಮಾ, ನಿಮ್ಮೂರಲ್ಲಿ ಹೊಗೆ!"

ಹಿಂದೆ ತಿರುಗಿ ನೋಡಿದೆ. ಕೊಪ್ಪಲಿನ ಮೇಲೆ, ಸರಿಯಾಗಿ ನಮ್ಮ ಮನೆಯ ಹೆಂಚಿನ ಸಂದಿಯಿಂದ, ಬೆಳ್ಳನೆಯ ದಟ್ಟ ಹೊಗೆ ಏಳುತ್ತಿತ್ತು. ಹಿತ್ತಿಲಿನ ಒಣ ತರಗಿನ ಜೊತೆಗೆ ಯಾವುದೋ ಹಸಿ ಸೊಪ್ಪೂ ಸೇರಿರಬೇಕು.

"ಸಿರತೆ ಅಲ್ಲ ಕಣಪ್ಪ" ಎಂದರು ಅತ್ತೆ. "ನಿಮ್ ಗೌಡ್ರು ಒಲೆ ಅಚ್ಚವ್ರೆ. ನೀನ್ ಓಡ್ಸು."

ಅಷ್ಟರಲ್ಲಿ ಅರಳಿಪುರದ ಕಡೆಯಿಂದ ಹತ್ತು ಆಳು ದೊಣ್ಣೆ ಹಿಡಿದು ಬಂದರು. ಮುಂದೆ ನಮ್ಮಪ್ಪ, ಹೆಗಲ ಮೇಲೆ ಬಲೆ. ಮಗಳು ಬಸ್ಸಿನಲ್ಲಿರುವುದನ್ನು ಅವನು ನೋಡಲೂ ಇಲ್ಲ. "ಬೀಗ್ರ ಮನೆ ಮೇಲೇ ಬಿದ್ದದೆ ಕಣ್ರಲಾ, ಓಡ್ರಿ!" ಎಂದು ಕೂಗುತ್ತ ಬಸ್ಸಿನ ಪಕ್ಕದಲ್ಲೇ ಓಡಿದ. ಕಲ್ಕಟ್ಟೆಯ ಏರಿಯ ಮೇಲೆ ತಮಟೆ ಕೇಳಿಸಿತು. ಹೊಸಹಳ್ಳಿಯ ಕಡೆ ಧೂಳು ಎದ್ದಿತು.

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಓಡುವವರ ಬೆನ್ನಿಗೆ ಕೂಗಿದರು:

"ಮುದ್ದೆ ಮೆತ್ಗಿರ್ಲಿ ಕಣ್ರಪ್ಪಾ, ಅವ್ರ ಬಾಯಾಗೆ ಒಂದ್ ಅಲ್ಲೂ ಇಲ್ಲ!"